ಹಾಲುಸಕ್ಕರೆಯ ಸ್ಟೌಟ್: ರುಚಿ ನೋಡಲು ನಾನು ಕಲಿತ ಬಗೆ

ಕಲಬುರಗಿಯಲ್ಲಿ ಬಿಯರ್ ಎಂದರೆ ತಣ್ಣಗಿರಬೇಕು, ಅಷ್ಟೆ. ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ದಾಟುವ ಊರಿನಲ್ಲಿ ಬಾಟಲಿಯ ಮೇಲೆ ಹನಿ ಇಳಿಯುತ್ತಿದೆಯೇ ಎಂಬುದನ್ನೇ ಮೊದಲು ನೋಡುತ್ತಾರೆ, ರುಚಿಯ ಮಾತು ಆಮೇಲೆ. ಸ್ಟೌಟ್ ಎಂದರೆ ಕಪ್ಪಗೆ ಹುರಿದ ಧಾನ್ಯ ಸೇರಿಸಿ ಮಾಡುವ ಕಪ್ಪು ಬಿಯರ್. ಅದರಲ್ಲೂ ಸಿಹಿ ಸ್ಟೌಟ್ ಈ ಪದ್ಧತಿಗೆ ಒಗ್ಗುವುದಿಲ್ಲ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಅದರ ಸಿಹಿಯೂ ನಯವೂ ಅಡಗಿಹೋಗಿ ಹುರಿದ ಕಹಿಯೊಂದೇ ನಾಲಿಗೆಗೆ ಸಿಗುತ್ತದೆ. ‘ಕಪ್ಪು ಬಿಯರ್ ನಮಗೆ ಹಿಡಿಸುವುದಿಲ್ಲ’ ಎಂದು ನನಗೆ ಹೇಳಿದವರಲ್ಲಿ ಹೆಚ್ಚಿನವರು ಅದನ್ನು ಕುಡಿದದ್ದು ಹೀಗೆಯೇ.

ಬಣ್ಣ ನೋಡಿ ಹೆದರುವವರೂ ಇದ್ದಾರೆ. ಕಪ್ಪಾಗಿದ್ದರೆ ಅಮಲು ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಐರ್ಲೆಂಡಿನ ಡಬ್ಲಿನ್‌ನ ಹೆಸರಾಂತ ಸ್ಟೌಟ್ ಆದ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಇರುವುದು ಶೇ 4.2ರಷ್ಟು. ಸಿಹಿ ಸ್ಟೌಟ್‌ಗಳು ಸಾಮಾನ್ಯವಾಗಿ ಶೇ 4ರಿಂದ 6ರೊಳಗೆ ಇರುತ್ತವೆ. ನಮ್ಮ ಅಂಗಡಿಗಳಲ್ಲಿ ಹೊಂಬಣ್ಣದಲ್ಲಿ ಹೊಳೆಯುವ ‘ಸ್ಟ್ರಾಂಗ್’ ಬಿಯರುಗಳು ಶೇ 8ರವರೆಗೂ ಹೋಗುತ್ತವೆ. ಬಣ್ಣಕ್ಕೂ ಅಮಲಿಗೂ ಸಂಬಂಧವಿಲ್ಲ. ಬಣ್ಣ ಬರುವುದು ಕಪ್ಪಾಗುವವರೆಗೆ ಹುರಿದ ಧಾನ್ಯದಿಂದ, ಅದೂ ಒಟ್ಟು ಧಾನ್ಯದಲ್ಲಿ ಒಂದು ಸಣ್ಣ ಪಾಲಿನಿಂದ.

ನನ್ನ ಕೆಲಸ ತೊಗರಿ ಬೇಳೆಯ ಮಿಲ್ಲಿನಲ್ಲಿ. ಕಾಳನ್ನು ಕಡಿದು ನೋಡಿ ಅದು ಎಷ್ಟು ಒಣಗಿದೆ, ಹಳೆಯದೋ ಹೊಸದೋ ಎಂದು ಹೇಳುವುದು ಇಲ್ಲಿ ದಿನದ ರೂಢಿ. ಹಾಗಾಗಿ ಸ್ಟೌಟ್‌ನ ವಿಷಯದಲ್ಲೂ ನಾನು ಗ್ಲಾಸಿಗಿಂತ ಮೊದಲು ಕಾಳಿಗೇ ಕೈ ಹಾಕಿದೆ. ಕಿರಾಣಿ ಅಂಗಡಿಯಿಂದ ಬಾರ್ಲಿ ತಂದು ಮೂರು ಪಾಲು ಮಾಡಿ ಕಬ್ಬಿಣದ ಹಂಚಿನ ಮೇಲೆ ಹುರಿದೆ. ಒಂದು ಪಾಲು ಹೊಂಬಣ್ಣಕ್ಕೆ, ಒಂದು ಕಂದು ಬಣ್ಣಕ್ಕೆ, ಇನ್ನೊಂದು ಪೂರ್ತಿ ಕಪ್ಪಗೆ. ಮೂರನ್ನೂ ಜಜ್ಜಿ ಬೇರೆ ಬೇರೆ ಲೋಟಗಳಲ್ಲಿ ಬಿಸಿನೀರು ಹಾಕಿ ಮುಚ್ಚಿಟ್ಟು, ಆರಿದ ಮೇಲೆ ಸೋಸಿ ಗುಟುಕು ಗುಟುಕಾಗಿ ನೋಡಿದೆ. ಮೊದಲನೆಯದು ಬಿಸ್ಕತ್ತಿನ ಕಡೆಗೆ ವಾಲುತ್ತದೆ. ಎರಡನೆಯದರಲ್ಲಿ ಜೋಳದ ರೊಟ್ಟಿಯ ಅಂಚು ಹಂಚಿಗೆ ತಾಗಿ ಕರಕಾದಾಗ ಏಳುವ ವಾಸನೆಯೇ ಇರುತ್ತದೆ. ಮೂರನೆಯದರಲ್ಲಿ ಕಾಫಿಯ ಕಹಿ, ಅದರ ಹಿಂದೆಯೇ ಸ್ವಲ್ಪ ಹುಳಿ, ಕೊನೆಗೆ ಬೂದಿ. ಸ್ಟೌಟ್‌ನಲ್ಲಿ ‘ಕಹಿ’ ಎಂದು ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನಿಜಕ್ಕೂ ಇಷ್ಟೆಲ್ಲ ಪದರಗಳ ರುಚಿ. ಐರಿಶ್ ಸ್ಟೌಟ್‌ಗಳಿಗೆ ಮೊಳಕೆ ಬರಿಸದೆ ಹುರಿದ ಬಾರ್ಲಿಯನ್ನೇ ಹಾಕುತ್ತಾರೆ. ಉಳಿದ ಕಡೆ ಕಪ್ಪು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಮೇಲೆ ಕಪ್ಪಗೆ ಹುರಿದ ಕಾಳು ಬಳಕೆಯಲ್ಲಿದೆ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯುವ ಉರುಳೆಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಮೇಲೆ, ಬೆಂಕಿ ಹತ್ತಿಕೊಳ್ಳದಂತೆ ಕಾಳನ್ನು ಒಂದೇ ಹದಕ್ಕೆ ಕಪ್ಪಾಗಿಸುವುದು ಸುಲಭವಾಯಿತು.

ಇನ್ನು ಸಿಹಿಯ ಮಾತು. ಸಿಹಿ ಸ್ಟೌಟ್‌ಗಳಲ್ಲಿ ಒಂದು ಬಗೆಯಾದ ಮಿಲ್ಕ್ ಸ್ಟೌಟ್‌ನಲ್ಲಿ ಹೆಸರಿಗೆ ತಕ್ಕಂತೆ ಹಾಲು ಇರುವುದಿಲ್ಲ, ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಬಿಯರ್ ಹುದುಗಿಸುವ ಯೀಸ್ಟ್ ಮಾಲ್ಟಿನ ಸಕ್ಕರೆಗಳನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಲ್ಯಾಕ್ಟೋಸನ್ನು ಒಡೆಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಹಾಕಿದ್ದಷ್ಟೂ ಕೊನೆಯವರೆಗೆ ಉಳಿಯುತ್ತದೆ. ಲ್ಯಾಕ್ಟೋಸ್ ಪುಡಿ ತರಿಸಿ ನೀರಿನಲ್ಲಿ ಕರಗಿಸಿ ನೋಡಿದಾಗ ನನಗೆ ಆಶ್ಚರ್ಯವಾದದ್ದು ಅದರ ಸಿಹಿ ಎಷ್ಟು ಕಡಿಮೆ ಎಂಬುದು. ನಾವು ಚಹಾಕ್ಕೆ ಹಾಕುವ ಸಕ್ಕರೆಯ ಸುಮಾರು ಐದನೆಯ ಒಂದು ಪಾಲಿನಷ್ಟೇ. ಆದರೆ ನೀರು ಬಾಯಲ್ಲಿ ದಪ್ಪವಾದಂತೆ ಅನಿಸುತ್ತದೆ. ಅದೇ ಪುಡಿಯನ್ನು ಕಪ್ಪು ಬಾರ್ಲಿಯ ಕಷಾಯಕ್ಕೆ ಹಾಕಿ ಕಲಕಿದೆ. ಕಹಿ ಹೋಗಲಿಲ್ಲ, ಅದರ ಮೊನೆ ಮೊಂಡಾಯಿತು. ಬೂದಿಯ ರುಚಿ ಹಿಂದೆ ಸರಿದು ಚಾಕೊಲೇಟಿನ ರುಚಿ ಮುಂದೆ ಬಂತು. ಮಾಮೂಲಿ ಸಕ್ಕರೆ ಹಾಕಿದ ಲೋಟದಲ್ಲಿ ಮಾತ್ರ ಸಿಹಿ ಒಂದು ಕಡೆ, ಕಹಿ ಒಂದು ಕಡೆ ಉಳಿದವು. ಮಿಲ್ಕ್ ಸ್ಟೌಟ್ ಏಕೆ ಹಿತವೆನಿಸುತ್ತದೆ ಎಂಬುದು ನನಗೆ ಈ ಎರಡು ಲೋಟಗಳಲ್ಲಿ ಸ್ಪಷ್ಟವಾಯಿತು. ಹೊಸಬರು ಬಿಯರಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿಯೇ ನೋಡಬೇಕು. ನಮ್ಮ ಬೋರ್‌ವೆಲ್‌ನ ಸವುಳು ನೀರು ಇದಕ್ಕೆ ಬೇಡ, ಕುಡಿಯುವ ಶುದ್ಧ ನೀರೇ ಆಗಬೇಕು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮಾತ್ರ ಈ ಬಗೆಯಿಂದ ದೂರ ಇರುವುದು ಲೇಸು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮ್ಯಾಕೆಸನ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಾಗ ಪುಷ್ಟಿ ಕೊಡುವ ಪಾನೀಯವೆಂದೇ ಪ್ರಚಾರ ಮಾಡಿತ್ತು. ಎರಡನೆಯ ಮಹಾಯುದ್ಧದ ನಂತರ ಲೇಬಲ್ಲಿನಿಂದ ‘ಮಿಲ್ಕ್’ ಎಂಬ ಹೆಸರನ್ನು ಬಿಡಬೇಕಾಯಿತು. ಬಿಡಬೇಕಾದದ್ದೇ, ಬಿಯರ್ ಟಾನಿಕ್ ಅಲ್ಲ.

ನಮ್ಮೂರಿನ ಅಂಗಡಿಗಳಲ್ಲಿ ಸ್ಟೌಟ್ ಸಿಗುವುದು ಅಪರೂಪ. ಬೆಂಗಳೂರಿಗೆ ಹೋದಾಗ ಅಲ್ಲಿನ ಮೈಕ್ರೋಬ್ರೂವರಿಗಳಲ್ಲಿ ಚಿಕ್ಕ ಅಳತೆಯ ಗ್ಲಾಸುಗಳಲ್ಲಿ ಕೊಡುವ ಸ್ಯಾಂಪಲ್ ತಟ್ಟೆ ಕೇಳುತ್ತೇನೆ. ಪೂರ್ತಿ ಗ್ಲಾಸು ತರಿಸಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಹೈದರಾಬಾದ್ ನಮಗೆ ಹತ್ತಿರ, ಆದರೆ ರಾಜ್ಯದ ಗಡಿ ದಾಟಿಸಿ ಬಾಟಲಿ ತರುವ ಗೊಡವೆ ಬೇಡ, ಅಲ್ಲೇ ರುಚಿ ನೋಡಿ ಬರಬೇಕು.

ತಂಪಿನ ವಿಷಯವನ್ನು ನಾನು ಮನೆಯಲ್ಲಿ ದೊಡ್ಡಪ್ಪನ ಮಗನ ಮುಂದೆ ಸಾಬೀತು ಮಾಡಿದೆ. ಅವನು ಸ್ಟ್ರಾಂಗ್ ಬಿಟ್ಟು ಬೇರೆ ಮುಟ್ಟಿದವನಲ್ಲ. ಜನವರಿಯ ಒಂದು ಸಂಜೆ ಒಂದೇ ಬಾಟಲಿಯಿಂದ ಎರಡು ಗ್ಲಾಸು ತುಂಬಿ, ಒಂದನ್ನು ಫ್ರಿಜ್ಜಿಗೆ ವಾಪಸ್ ಇಟ್ಟೆ, ಇನ್ನೊಂದನ್ನು ಮಾಳಿಗೆಯ ಕಟ್ಟೆಯ ಮೇಲೆ ಮುಚ್ಚಿ ಬಿಟ್ಟೆ. ಅಡುಗೆಯ ಥರ್ಮಾಮೀಟರ್ 12 ಡಿಗ್ರಿ ತೋರಿಸಿದಾಗ ಎರಡನ್ನೂ ಅವನ ಮುಂದೆ ಇಟ್ಟೆ. ತಣ್ಣನೆಯದನ್ನು ಕುಡಿದು, “ಇದು ಸುಟ್ಟ ಬಾರ್ಲಿ ನೀರು” ಎಂದ. ಎರಡನೆಯದನ್ನು ಮೂಗಿನ ಹತ್ತಿರ ತಂದವನೇ ಸ್ವಲ್ಪ ಹೊತ್ತು ಹಾಗೇ ಹಿಡಿದ. ಗುಟುಕು ನುಂಗಿ ತುಟಿ ನೆಕ್ಕಿಕೊಂಡು, “ಇದು ಬೇರೆ ಬಾಟಲಿಯದೇನು, ತಮ್ಮಾ?” ಎಂದು ಕೇಳಿದ. ಖಾಲಿ ಬಾಟಲಿ ತೋರಿಸಿದರೂ ನಂಬಲಿಲ್ಲ, ಮತ್ತೆ ಎರಡನ್ನೂ ಅದಲುಬದಲಾಗಿ ಕುಡಿದು ನೋಡಿದ. ಅವನ ಗ್ಲಾಸಿನ ಒಳಮೈಯಲ್ಲಿ ಕಂದು ನೊರೆ ಪ್ರತಿ ಗುಟುಕಿಗೂ ಒಂದೊಂದು ಬಳೆ ಬಿಟ್ಟು ಕೆಳಗಿಳಿಯುತ್ತಿತ್ತು.

ಚಳಿಗಾಲದಲ್ಲಿ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಡುತ್ತೇನೆ. ಮೇ ತಿಂಗಳಲ್ಲಿ ಹತ್ತು ನಿಮಿಷ ಧಾರಾಳ, ಅದೂ ಗ್ಲಾಸಿಗೆ ಸುರಿಯದೆ ಬಾಟಲಿಯಲ್ಲೇ. ಬಿಸಿಲಿನ ದಿನ ಒಮ್ಮೆಗೆ ನೂರು ಮಿಲಿ ಸುರಿದುಕೊಂಡು ಉಳಿದದ್ದನ್ನು ತಂಪಿನಲ್ಲೇ ಇಡುವುದು ವಾಸಿ.

ಕೆನೆಯ ಬಗ್ಗೆ ಹೊಸಬರಿಗೆ ಒಂದು ಗೊಂದಲ ಬಂದೇ ಬರುತ್ತದೆ, ಏಕೆಂದರೆ ಸ್ಟೌಟ್‌ಗೆ ನಯ ಬರುವುದು ಎರಡು ಬೇರೆ ದಾರಿಗಳಿಂದ. ಒಂದು ಲ್ಯಾಕ್ಟೋಸ್. ಇನ್ನೊಂದು ಸಾರಜನಕ. 1959ರಲ್ಲಿ ಗಿನ್ನೆಸ್‌ನ ಮೈಕೆಲ್ ಆ್ಯಶ್ ಎಂಬ ಗಣಿತಜ್ಞ ಇಂಗಾಲದ ಡೈಆಕ್ಸೈಡ್ ಜೊತೆ ಸಾರಜನಕ ಬೆರೆಸಿ ಬಿಯರ್ ಸುರಿಯುವ ವ್ಯವಸ್ಥೆ ರೂಪಿಸಿದರು. ಸಾರಜನಕ ದ್ರವದಲ್ಲಿ ಸುಲಭವಾಗಿ ಕರಗುವುದಿಲ್ಲ, ಅದರ ಗುಳ್ಳೆಗಳು ಬಹಳ ಸಣ್ಣವು. ಹಾಗಾಗಿ ನೊರೆ ಮೊಸರಿನ ಕೆನೆಯಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಗಂಟಲು ಕಚ್ಚುವ ಚುರುಕು ತಗ್ಗುತ್ತದೆ. ಎರಡನ್ನೂ ಬೇರೆ ಮಾಡಲು ನಾನು ಕಂಡುಕೊಂಡ ಗುರುತು ಹೀಗಿದೆ: ಸಾರಜನಕದ ನಯ ತುಟಿಯಲ್ಲಿ ಶುರುವಾಗಿ ನೊರೆಯೊಂದಿಗೆ ಮುಗಿಯುತ್ತದೆ, ಲ್ಯಾಕ್ಟೋಸಿನ ನಯ ನುಂಗಿದ ಮೇಲೂ ನಾಲಿಗೆಯ ಹಿಂಭಾಗದಲ್ಲಿ ನಿಂತಿರುತ್ತದೆ. ಅಮೆರಿಕದ ಕೊಲರಾಡೊದ ಲೆಫ್ಟ್ ಹ್ಯಾಂಡ್ ಕಂಪನಿಯ ನೈಟ್ರೊ ಮಿಲ್ಕ್ ಸ್ಟೌಟ್‌ನಲ್ಲಿ ಎರಡೂ ಇವೆ.

ಜೊತೆಗೆ ತಿನ್ನಲು ಹಲವರು ಸಿಹಿತಿಂಡಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶೇಂಗಾ ಹೋಳಿಗೆಯ ಮೇಲೆ ಸ್ಟೌಟ್ ಕುಡಿದರೆ ಬೆಲ್ಲದ ಮುಂದೆ ಲ್ಯಾಕ್ಟೋಸಿನ ಸಣ್ಣ ಸಿಹಿ ಸೋತು, ಬಿಯರ್ ತೆಳ್ಳಗೆ, ಕಹಿಯಾಗಿ ಕಾಣುತ್ತದೆ. ಕೆಂಡದ ಮೇಲೆ ಸುಟ್ಟ ಸೀಖ್ ಕಬಾಬ್ ಅಥವಾ ಉಪ್ಪು ಸವರಿ ಹುರಿದ ಶೇಂಗಾ ಇರಲಿ. ಹುರಿದದ್ದಕ್ಕೆ ಹುರಿದದ್ದು ಹೊಂದುತ್ತದೆ, ಉಪ್ಪು ಸಿಹಿಯನ್ನು ಎತ್ತಿ ತೋರಿಸುತ್ತದೆ. ಖಾರದ ಹಿಂಡಿ, ಎಣ್ಣೆಗಾಯಿ ಎಲ್ಲವೂ ರುಚಿ ನೋಡಿ ಮುಗಿದ ಮೇಲಿನ ಊಟಕ್ಕೆ. ನಡುನಡುವೆ ನಾಲಿಗೆ ತೊಳೆಯಲು ಒಂದು ತುಣುಕು ಖಡಕ್ ರೊಟ್ಟಿ, ಒಂದು ಗುಟುಕು ನೀರು ಸಾಕು.

ಕಾಫಿ, ವೆನಿಲಾ, ತೆಂಗಿನಕಾಯಿ ಬೆರೆಸಿದ ಸ್ಟೌಟ್‌ಗಳನ್ನು ನಾನು ಹೊಸಬರಿಗೆ ಮೊದಲೇ ಕೊಡುವುದಿಲ್ಲ, ಬೆರೆಸಿದ್ದರ ಗದ್ದಲದಲ್ಲಿ ಕಾಳಿನ ರುಚಿ ಕೇಳಿಸುವುದಿಲ್ಲ. ಮಿಲ್ಕ್ ಸ್ಟೌಟ್ ಒಗ್ಗಿದ ಮೇಲೆ ಓಟ್‌ಮೀಲ್ ಸ್ಟೌಟ್: ಅದರ ನಯ ಓಟ್ಸ್‌ನ ನಾರಿನಿಂದ ಬಂದದ್ದು, ಸಿಹಿ ಕಡಿಮೆ. ಆಮೇಲೆ ಸಿಹಿಯೇ ಇಲ್ಲದ ಐರಿಶ್ ಒಣ ಸ್ಟೌಟ್. ಇಂಪೀರಿಯಲ್ ಸ್ಟೌಟ್ ಕೊನೆಗೆ. ಬಣ್ಣಕ್ಕೂ ಅಮಲಿಗೂ ಸಂಬಂಧವಿಲ್ಲ ಎಂದೆನಲ್ಲ, ಇಲ್ಲಿ ಮಾತ್ರ ಎರಡೂ ಒಟ್ಟಿಗೆ ಬರುತ್ತವೆ. ಶೇ 8ರಿಂದ 12ರವರೆಗೆ ಆಲ್ಕೋಹಾಲ್ ಇರುವುದರಿಂದ ಒಂದು ಬಾಟಲಿಯನ್ನು ನಾಲ್ಕು ಜನ ಹಂಚಿಕೊಂಡು, ಮನೆಗೆ ಆಟೋದಲ್ಲಿ ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಂಡು ಕೂರಬೇಕು.