ಹದಿನೇಳು ಇಂಚಿನಿಂದ ಹದಿನಾಲ್ಕಕ್ಕೆ ಇಳಿದದ್ದು

ಸಾಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿಕೊಡುವ ಕೆಲಸ. ಕಾರಿನ ಮೆಕ್ಯಾನಿಕ್ ನಾನಲ್ಲ. ಆದರೆ ತಿರುಗುವ ವಸ್ತು ಯಾವುದೇ ಇರಲಿ, ಎಲ್ಲಿ ಅದುರುತ್ತಿದೆ, ಬೇರಿಂಗ್ ಯಾಕೆ ಕೂಗುತ್ತಿದೆ ಎಂದು ಕಿವಿಗೊಡುವುದು ಇಪ್ಪತ್ತೆರಡು ವರ್ಷಗಳಿಂದ ಅಂಟಿಕೊಂಡ ಚಾಳಿ.

2023ರಲ್ಲಿ ಬೆಂಗಳೂರಿನ ಒಬ್ಬರಿಂದ 2014ರ ಮಾರುತಿ ಸುಜುಕಿ ಸ್ವಿಫ್ಟ್ ಪೆಟ್ರೋಲ್ ಕಾರು ಕೊಂಡೆ, ಮಧ್ಯಮದರ್ಜೆಯ ವಿಎಕ್ಸ್‌ಐ ಮಾದರಿ. ಎಂಜಿನ್ ಚೆನ್ನಾಗಿತ್ತು, ಬಾಡಿಯಲ್ಲಿ ತುಕ್ಕು ಇರಲಿಲ್ಲ. ಹಿಂದಿನ ಮಾಲೀಕರು ಹೊರಗಿನಿಂದ ತಂದು ಹಾಕಿಸಿದ ಹದಿನೇಳು ಇಂಚಿನ ಕಪ್ಪು ಅಲಾಯ್ (ಅಲ್ಯುಮಿನಿಯಂ ಮಿಶ್ರಲೋಹದ) ಚಕ್ರಗಳಿದ್ದವು, ಮೇಲೆ 205/45 ಆರ್17 ಟೈರು. ಈ ಅಂಕಿಗಳ ಲೆಕ್ಕ ಮುಂದೆ ಹೇಳುತ್ತೇನೆ. ನನ್ನ ಮಗ ಕಾರನ್ನು ನೋಡಲೇ ಇಲ್ಲ, ಚಕ್ರ ನೋಡಿ ಒಪ್ಪಿಬಿಟ್ಟ.

ಬೆಂಗಳೂರಿನ ರಸ್ತೆಗೆ ಅದು ಸರಿಯೇನೋ. ನಮ್ಮ ಮನೆಗೆ ಮುಖ್ಯರಸ್ತೆಯಿಂದ ಒಳಗೆ ಎರಡೂವರೆ ಕಿಲೋಮೀಟರ್, ಅದರಲ್ಲಿ ಅರ್ಧ ಜಲ್ಲಿ ಎದ್ದ ದಾರಿ. ಮೊದಲ ಮಳೆಗಾಲ ಮುಗಿಯುವುದರೊಳಗೆ ನೀರು ತುಂಬಿದ ಒಂದು ಗುಂಡಿಗೆ ಎಡಗಡೆಯ ಮುಂದಿನ ಚಕ್ರ ಇಳಿಯಿತು. ಸದ್ದು ಕೇಳಿದಾಗಲೇ ಹೊಟ್ಟೆ ಕಿವುಚಿತು. ಮರುದಿನ ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು, ಒಳಗಿನ ದಾರ ಹರಿದುಹೋದದ್ದರ ಗುರುತು ಅದು. ಅಲಾಯ್‌ನ ಒಳಬದಿಯ ಅಂಚೂ ಬಾಗಿತ್ತು. ಟೈರು ಅಂಗಡಿಯವರು, "ಈ ಅಳತೆಯ ಟೈರು ಶಿವಮೊಗ್ಗದಿಂದ ತರಿಸಬೇಕು ಸಾರ್, ಒಂದು ವಾರ ಆಗುತ್ತದೆ" ಎಂದರು. ಸರಿ, ಅಲ್ಲಿಯವರೆಗೆ ಸ್ಟೆಪ್ನಿ ಹಾಕಿಕೊಳ್ಳೋಣ ಎಂದು ಡಿಕ್ಕಿಯ ಚಾಪೆ ಎತ್ತಿದೆ. ಕಂಪನಿ ಕೊಟ್ಟ ಹದಿನಾಲ್ಕು ಇಂಚಿನ ಕಬ್ಬಿಣದ ಡಿಸ್ಕ್ (ಟೈರು ಕೂರುವ ಲೋಹದ ಚಕ್ರವನ್ನು ನಾವು ಹೀಗೆ ಕರೆಯುವುದು), 165/80 ಆರ್14 ಟೈರು, ಒಮ್ಮೆಯೂ ನೆಲ ಮುಟ್ಟಿದಂತೆ ಕಾಣಲಿಲ್ಲ. ಅದನ್ನು ಒಂದೇ ಕೈಯಲ್ಲಿ ಎತ್ತಿ ಹೊರಗಿಟ್ಟೆ. ಬಿಚ್ಚಿದ ಅಲಾಯ್ ಚಕ್ರವನ್ನು ಒಳಗಿಡಲು ಎರಡು ಕೈ ಬೇಕಾಯಿತು, ಸೊಂಟವೂ ಬೇಕಾಯಿತು. ಅಗಲದ ಟೈರು ಸ್ಟೆಪ್ನಿಯ ಗುಳಿಯಲ್ಲಿ ಕೂರಲೂ ಇಲ್ಲ.

ನನ್ನ ತಲೆಗೆ ಹುಳ ಬಿಟ್ಟದ್ದು ಅದೇ. ಅಂಗಡಿಯಲ್ಲಿ ತಾಮ್ರದ ತಂತಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಟೈರು ಸಮೇತ ಅಲಾಯ್ ಚಕ್ರ ಇಟ್ಟೆ: 19.6 ಕೆ.ಜಿ. ಸ್ಟೆಪ್ನಿ ಇಟ್ಟೆ: 13.3 ಕೆ.ಜಿ. ಒಂದೊಂದಕ್ಕೆ ಆರು ಕಿಲೋ ಮೀರಿ ವ್ಯತ್ಯಾಸ, ನಾಲ್ಕಕ್ಕೆ ಇಪ್ಪತ್ತೈದು ಕಿಲೋ. ಇಡೀ ಕಾರಿನ ತೂಕವೇ ಸಾವಿರ ಕಿಲೋದೊಳಗೆ.

ಡಿಕ್ಕಿಯಲ್ಲಿ ಅರ್ಧ ಚೀಲ ಅಕ್ಕಿ ಇಟ್ಟರೂ ಇಪ್ಪತ್ತೈದು ಕಿಲೋ ಆಗುತ್ತದಲ್ಲ ಎಂದು ಮಗ ವಾದಿಸಿದ. ಆಗುತ್ತದೆ, ಆದರೆ ಅದು ಬೇರೆ ತೂಕ. ಮಳೆಗಾಲದಲ್ಲಿ ಕೆಂಪುಮಣ್ಣಿನ ದಾರಿಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕ್ಯಾರಿಯರ್ ಮೇಲೆ ಎರಡು ಕಿಲೋ ಸಾಮಾನಿದ್ದರೆ ಕಾಲಿಗೆ ಗೊತ್ತೇ ಆಗುವುದಿಲ್ಲ, ಅದೇ ಎರಡು ಕಿಲೋ ಮಣ್ಣು ಟೈರಿಗೆ ಮೆತ್ತಿಕೊಂಡರೆ ಪ್ರತಿಸಲ ನಿಂತು ಹೊರಡುವಾಗ ತೊಡೆ ನೋಯುತ್ತದೆ. ಚಕ್ರದ ತೂಕವನ್ನು ಎಂಜಿನ್ ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ತೂಕ ಹೊರಅಂಚಿಗೆ ಹೋದಷ್ಟೂ ತಿರುಗಿಸುವ ಕಷ್ಟ ಹೆಚ್ಚು. ಬ್ರೇಕ್ ಒತ್ತಿದಾಗ ನಿಲ್ಲಿಸುವುದಕ್ಕೂ ಅದೇ ಲೆಕ್ಕ. ಇನ್ನೊಂದು ಮಾತೂ ಇದೆ. ಡಿಕ್ಕಿಯ ಅಕ್ಕಿ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ಚಕ್ರ ಸ್ಪ್ರಿಂಗಿನ ಕೆಳಗಿರುತ್ತದೆ. ಗುಂಡಿಗೆ ಬಿದ್ದ ಭಾರದ ಚಕ್ರ ಚುರುಕಾಗಿ ಮೇಲೆದ್ದು ಮತ್ತೆ ನೆಲ ಹಿಡಿಯಲಾರದು. ಅದರ ಹೊಡೆತವೆಲ್ಲ ಶಾಕ್ ಅಬ್ಸಾರ್ಬರ್‌ಗೆ, ಅಲ್ಲಿಂದ ನಮ್ಮ ಬೆನ್ನಿಗೆ.

ಟೈರಿನ ಅಳತೆಯ ಲೆಕ್ಕ ಸುಲಭ. 165/80 ಆರ್14 ಎಂದರೆ ಅಗಲ 165 ಮಿ.ಮೀ., ಟೈರಿನ ಪಕ್ಕದ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 264. ಹದಿನಾಲ್ಕು ಇಂಚಿನ ಡಿಸ್ಕ್ 355.6. ಒಟ್ಟು ಗಾತ್ರ, ಅಂದರೆ ಹೊರಗಿನ ಅಡ್ಡಳತೆ, ಸುಮಾರು 620 ಮಿ.ಮೀ. 205/45 ಆರ್17ರದು 616. ಹೊರಗಿನ ಗಾತ್ರ ಹೆಚ್ಚುಕಡಿಮೆ ಒಂದೇ, ಆದರೆ ದೊಡ್ಡ ಚಕ್ರದಲ್ಲಿ ಟೈರಿನ ಪಕ್ಕ 92 ಮಿ.ಮೀ. ಮಾತ್ರ. ಗುಂಡಿಯ ಅಂಚಿಗೂ ಲೋಹಕ್ಕೂ ನಡುವೆ ಇರುವ ಗಾಳಿಯ ದಿಂಬು ಅದು. ನಾಲ್ಕು ಸೆಂಟಿಮೀಟರ್ ದಿಂಬು ಕಳೆದುಕೊಂಡು ಅಂದ ಕೊಂಡಿದ್ದರು ಹಿಂದಿನವರು.

ಇಳಿಯುವುದೆಂದು ತೀರ್ಮಾನಿಸಿದ ಮೇಲೆ ಎಷ್ಟಕ್ಕೆ ಇಳಿಯುವುದು ಎಂಬ ಪ್ರಶ್ನೆ. ಇದೇ ಕಾರಿನ ಮೇಲ್ದರ್ಜೆಯ ಝಡ್ಎಕ್ಸ್ಐಗೆ ಕಂಪನಿಯೇ 185/65 ಆರ್15 ಕೊಟ್ಟಿತ್ತು. ಅದರ ಗಾತ್ರ 621 ಮಿ.ಮೀ., ಪಕ್ಕ 120. ಒಳ್ಳೆಯ ಅಳತೆ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವನಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ಹಾಕಿಸುತ್ತಿದ್ದೆ. ಪರಿಚಯದವರ ಕಾರಿನದನ್ನು ಬಿಚ್ಚಿಸಿ ತಂದು ತೂಗಿಯೂ ಬಿಟ್ಟೆ, 15.2 ಕೆ.ಜಿ. ಬಂತು. ಅವರು ಇಂದಿಗೂ ನಗುತ್ತಾರೆ.

ಅಲಾಯ್ ಎಂದರೆ ಹಗುರ ಎಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ. ಅಂಗಡಿಯೊಂದರಲ್ಲಿ ಚೆಂದದ ಹದಿನಾಲ್ಕು ಇಂಚಿನ ಅಲಾಯ್ ತೋರಿಸಿದರು. ತೂಗಿದರೆ 6.6 ಕೆ.ಜಿ. ನನ್ನ ಕಬ್ಬಿಣದ ಡಿಸ್ಕ್ ಬರಿದೇ 6.4. ಅಗ್ಗದ ಎರಕದ ಅಲಾಯ್‌ಗೆ ಗಟ್ಟಿತನ ಬರಿಸಲು ಲೋಹ ದಪ್ಪ ಸುರಿದಿರುತ್ತಾರೆ, ತೆಳುವಾಗಿಯೂ ಗಟ್ಟಿಯಾಗಿಯೂ ಇರಬೇಕೆಂದರೆ ಬಡಿದು ಮಾಡಿದ ಫೋರ್ಜ್ಡ್ ಚಕ್ರ ಬೇಕು. ಅದರ ಬೆಲೆ ನಮ್ಮಂಥವರ ಮಾತಲ್ಲ. ಕಬ್ಬಿಣದ್ದು ಬಾಗಿದರೆ ಬಡಿದು ಸರಿಮಾಡಬಹುದು, ಎರಕದ್ದು ಜೋರು ಪೆಟ್ಟಿಗೆ ಬಿರುಕೇ ಬಿಡಬಹುದು. ಹಾಗಾಗಿ ಕಬ್ಬಿಣಕ್ಕೇ ನಿಂತೆ.

ಟೈರು ಅಂಗಡಿಯಲ್ಲಿ ಒಂದು ಎಡವಟ್ಟು ಆಗುವುದರಲ್ಲಿತ್ತು. 165/80 ಇಲ್ಲ, ಅದರ ಬದಲು 175/65 ಆರ್14 ಇದೆ, ಅದೂ ಹದಿನಾಲ್ಕೇ, ಇನ್ನೂ ಅಗಲ, ದುಡ್ಡೂ ಕಡಿಮೆ ಎಂದರು. ಚಕ್ರಕ್ಕೆ ಕೂರುತ್ತದೆ, ಸುಳ್ಳಲ್ಲ. ಆದರೆ ಗಾತ್ರ 583 ಮಿ.ಮೀ.! ಕಾರು 18 ಮಿ.ಮೀ. ಕೆಳಗಿಳಿಯುತ್ತದೆ. ಈ ಸ್ವಿಫ್ಟ್‌ಗೆ ನೆಲದಿಂದ ಇರುವ ಎತ್ತರವೇ 170 ಮಿ.ಮೀ., ನಮ್ಮೂರ ಹಂಪ್‌ಗಳು ಅಷ್ಟನ್ನೂ ಕೇಳುತ್ತವೆ. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾಗಿ ಓಡುವುದು ಮೊದಲಿಗಿಂತ ಶೇ. 6ರಷ್ಟು ಕಡಿಮೆ. ಓಡೋಮೀಟರ್‌ ಕೂಡ ಓಡದ ಕಿಲೋಮೀಟರನ್ನು ಓಡಿದೆ ಎನ್ನುತ್ತದೆ, ಮೈಲೇಜು ಚೆನ್ನಾಗಿದೆ ಎಂದು ಮೋಸಹೋಗುವುದು ಹೀಗೇ. ಚಿಕ್ಕ ಚಕ್ರ ಹಾಕುವುದೆಂದರೆ ಡಿಸ್ಕ್ ಚಿಕ್ಕದು ಮಾಡಿ ಟೈರಿನ ಪಕ್ಕ ಬೆಳೆಸುವುದು, ಒಟ್ಟು ಗಾತ್ರವನ್ನು ಹಾಗೇ ಉಳಿಸಿಕೊಳ್ಳುವುದು. ಎರಡು ದಿನ ಕಾದು 165/80 ಟೈರನ್ನೇ ತರಿಸಿದೆ. ಪಕ್ಕದಲ್ಲಿ 85ಟಿ ಎಂದು ಅಚ್ಚಾಗಿದೆಯೇ ನೋಡಿಕೊಂಡೆ. 85 ಎಂದರೆ ಒಂದು ಟೈರು 515 ಕಿಲೋ ಹೊರುತ್ತದೆ, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ. ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿಯನ್ನೂ ಓದಿದೆ: 2323, ಅಂದರೆ 2023ರ 23ನೇ ವಾರ. ಅದೇ ಓದು ನನ್ನ ಸ್ಟೆಪ್ನಿ ಟೈರು 2014ರದ್ದು ಎಂದಿತು. ಗೆರೆ ಸವೆಯದಿದ್ದರೂ ರಬ್ಬರು ಸೀಳಿತ್ತು, ಅದನ್ನು ಗುಜರಿಗೆ ಹಾಕಿದೆ.

ಹಳೆಯ ಡಿಸ್ಕ್‌ಗಳು ಗುಜರಿಯಲ್ಲಿ ಸಿಗುತ್ತವೆ, ಏಕೆಂದರೆ ಜನ ಅಲಾಯ್ ಹಾಕಿಸಿ ಇವನ್ನು ಮಾರಿಬಿಡುತ್ತಾರೆ. ಒಂದಕ್ಕೆ 900 ರೂಪಾಯಿ ಕೇಳಿದರು. ಏಳು ತಂದು, ಜಾಕ್ ಕೊಟ್ಟು ಎತ್ತಿದ ಹಿಂದಿನ ಹಬ್‌ಗೆ, ಅಂದರೆ ಚಕ್ರವನ್ನು ಬಿಗಿಯುವ ತಿರುಗುವ ಭಾಗಕ್ಕೆ, ಒಂದೊಂದಾಗಿ ಹಾಕಿ ತಿರುಗಿಸಿದೆ. ಇಟ್ಟಿಗೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು, ತುದಿಯನ್ನು ಡಿಸ್ಕ್‌ನ ಅಂಚಿಗೆ ಕೂದಲೆಳೆಯಷ್ಟು ಹತ್ತಿರ ನಿಲ್ಲಿಸಿದರೆ ಸಾಕು. ಬಾಗಿದ ಡಿಸ್ಕ್ ಒಂದು ಸುತ್ತಿನಲ್ಲಿ ಒಮ್ಮೆ ಸರ್ರೆಂದು ಉಜ್ಜಿ ತಾನೇ ಒಪ್ಪಿಕೊಳ್ಳುತ್ತದೆ. ಮೂರು ಉಜ್ಜಿದವು, ವಾಪಸು ಕೊಟ್ಟೆ. ಉಳಿದ ನಾಲ್ಕಕ್ಕೆ ಸ್ಯಾಂಡ್‌ಪೇಪರ್ ಹಿಡಿದು ತುಕ್ಕು ತೆಗೆದು, ಪ್ರೈಮರ್ ಹೊಡೆದು ಬೂದು ಬಣ್ಣ ಬಳಿದೆ. ನಟ್ ಕೂರುವ ಜಾಗಕ್ಕೂ ಹಬ್‌ಗೆ ತಾಗುವ ಮುಖಕ್ಕೂ ಬಣ್ಣ ಬೀಳದಂತೆ ಟೇಪ್ ಅಂಟಿಸಿದ್ದೆ. ಅಲ್ಲಿ ದಪ್ಪ ಬಣ್ಣ ಇದ್ದರೆ ಬಿಗಿ ಮಾಡಿದ ನಟ್ ನಾಲ್ಕು ದಿನದಲ್ಲಿ ಸಡಿಲ.

ಹಳೆಯ ಅಲಾಯ್ ಬಿಚ್ಚಿದಾಗ ನನ್ನನ್ನು ಆರು ತಿಂಗಳಿಂದ ಕಾಡಿದ ಒಂದು ನಡುಕದ ಗುಟ್ಟು ಸಿಕ್ಕಿತು. 80ರ ವೇಗದಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗುತ್ತಿತ್ತು. ಚಕ್ರದ ತೂಕ ಸುತ್ತಲೂ ಸರಿದೂಗಿಸುವ ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದರೂ ಹೋಗಿರಲಿಲ್ಲ. ನೋಡಿದರೆ ಅಲಾಯ್‌ನ ನಡುವಿನ ತೂತು 73 ಮಿ.ಮೀ., ಸ್ವಿಫ್ಟ್‌ನ ಹಬ್ 54.1. ನಡುವೆ ಹಾಕಬೇಕಾದ ಉಂಗುರ ಯಾರೂ ಹಾಕಿರಲಿಲ್ಲ. ಚಕ್ರ ನಾಲ್ಕು ನಟ್‌ಗಳ ಆಸರೆಯಲ್ಲಿ ಅಂದಾಜಿಗೆ ನಡುವೆ ಕೂತಿತ್ತು, ಮೋಟಾರಿನ ಎಂಡ್‌ಕವರ್ ಸವೆದು ಬೇರಿಂಗ್ ಒಳಗೆ ಆಡಿದಂತೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ನಡುವಿನ ತೂತಿಗೇ ಕೋನ್ ಬಿಗಿದು ಕೂರಿಸುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಪನಿಯ ಡಿಸ್ಕ್‌ನ ತೂತು ಹಬ್‌ಗೆ ಹೇಳಿ ಮಾಡಿಸಿದಂತೆ ಕೂತಿತು.

ನಟ್‌ಗಳದ್ದು ಇನ್ನೊಂದು ಪಾಠ. ಅಲಾಯ್‌ಗೆ ಹಾಕಿದ್ದ ನಟ್‌ಗಳು ಸಣ್ಣ ತಲೆಯವು, ಬೇರೆಯೇ ಕೀಲಿ ಬೇಕು. ಆ ಕೀಲಿ ಕಳೆದರೆ ರಸ್ತೆಯಲ್ಲಿ ಪಂಕ್ಚರ್ ಆದಾಗ ದೇವರೇ ಗತಿ. ಹದಿನಾರು ಹೊಸ ನಟ್ ಕೇಳಿದೆ. ಬಿಡಿಭಾಗದ ಅಂಗಡಿಯ ಹುಡುಗ ಕೊಟ್ಟದ್ದನ್ನು ಕೈಯಲ್ಲೇ ತಿರುಗಿಸಿದೆ, ಎರಡು ಸುತ್ತು ಹೋಗಿ ನಿಂತಿತು. ಅವು 12 ಮಿ.ಮೀ.ಯ 1.5 ಪಿಚ್ಚಿನವು, ಸುಜುಕಿಗೆ ಬೇಕಾದದ್ದು 1.25. ಪಿಚ್ ಎಂದರೆ ಒಂದು ತಿರುಪುಗೆರೆಯಿಂದ ಇನ್ನೊಂದಕ್ಕೆ ಮಿ.ಮೀ. ಲೆಕ್ಕದಲ್ಲಿ ಇರುವ ಅಂತರ. ಸ್ಪ್ಯಾನರ್ ಹಾಕಿ ತಿರುಗಿಸಿದ್ದರೆ ಬೋಲ್ಟಿನ ತಿರುಪುಗೆರೆಯೇ ಹಾಳಾಗುತ್ತಿತ್ತು. ಮೊದಲ ಐದು ಸುತ್ತು ಯಾವ ನಟ್ ಆದರೂ ಬೆರಳಲ್ಲಿ ಹೋಗಬೇಕು. ಮುಂದೆ ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿದೆ. ಅಲೈನ್‌ಮೆಂಟ್ ಮಾಡಿಸಿ, ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗಾಳಿ ಹೊಡೆಸಿದೆ.

ಈಗ ಒಂದೂವರೆ ವರ್ಷ ದಾಟಿದೆ. ಜಲ್ಲಿ ದಾರಿಯಲ್ಲಿ ಮೊದಲ ದಿನವೇ ನನ್ನ ಹೆಂಡತಿ, "ಸೀಟು ಬದಲಾಯಿಸಿದಿರಾ?" ಎಂದು ಕೇಳಿದಳು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಒದ್ದಾಡುವುದಿಲ್ಲ. ಹಿಂದೆ ಮೂವರು ಕೂತರೆ ಚಕ್ರ ಫೆಂಡರಿನ ಒಳಗೆ ಉಜ್ಜುತ್ತಿದ್ದುದು ನಿಂತಿದೆ. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಇಟ್ಟೆ, ಮೈಲೇಜು ಲೀಟರಿಗೆ 14.5ರಿಂದ 15.8ಕ್ಕೆ ಏರಿದೆ. ಇದೆಲ್ಲ ಚಕ್ರ ಹಗುರಾದದ್ದರಿಂದಲೇ ಬಂದದ್ದು ಎಂದು ಪ್ರಮಾಣ ಮಾಡಲಾರೆ. ಟೈರು ಹೊಸದು, ಕಿರಿದು, ಗಾಳಿಯನ್ನೂ ಈಗ ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ.

ಕಳೆದುಕೊಂಡದ್ದೂ ಇದೆ. ಶಿವಮೊಗ್ಗ ರಸ್ತೆಯ ತಿರುವುಗಳಲ್ಲಿ ಮೊದಲಿನಂತೆ ಸ್ಟೀರಿಂಗ್ ತಿರುಗಿಸಿದೊಡನೆ ಮೂಗು ತಿರುಗುವುದಿಲ್ಲ. ಎತ್ತರದ ಪಕ್ಕ ಮೊದಲು ತುಸು ಬಾಗಿ ಆಮೇಲೆ ಮಾತು ಕೇಳುತ್ತದೆ. ಒಣರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅಗಲದ ಟೈರಿನ ಹಿಡಿತ ನೆನಪಾಗುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಬೇರೆ ನನ್ನ ಕಾರಿಗೆ ಇಲ್ಲ, ಮುಂದಿನ ವಾಹನಕ್ಕೆ ಹೆಚ್ಚು ಅಂತರ ಬಿಡುವುದನ್ನು ರೂಢಿಸಿಕೊಂಡೆ. ನಿಂತ ನೀರಿನ ಮೇಲೆ ಮಾತ್ರ ಕಿರಿದಾದ ಟೈರೇ ವಾಸಿ, ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಆಗುಂಬೆ ಕಡೆಯ ಮಳೆಯಲ್ಲಿ ಇದು ಸಣ್ಣ ಮಾತಲ್ಲ.

ಕೇಳಿದವರಿಗೆಲ್ಲ ನಾನು ಹೇಳುವುದು, ನಿಮ್ಮದೇ ಮಾದರಿಯ ಕೆಳದರ್ಜೆಯ ಕಾರಿಗೆ ಕಂಪನಿ ಏನು ಹಾಕಿದೆ ನೋಡಿ ಎಂದು. ಬಲೆನೊದ ಮೇಲ್ದರ್ಜೆಗೆ 195/55 ಆರ್16, ಕೆಳದರ್ಜೆಗೆ 185/65 ಆರ್15. ಗಾತ್ರ ಎರಡಕ್ಕೂ 621 ಮಿ.ಮೀ. ಲೆಕ್ಕವನ್ನು ಅವರೇ ಮಾಡಿಟ್ಟಿದ್ದಾರೆ. ಆದರೂ ದುಡ್ಡು ಕೊಡುವ ಮೊದಲು ಒಂದು ಡಿಸ್ಕ್ ತಂದು ಮುಂದಿನ ಹಬ್‌ಗೆ ಹಾಕಿ ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತದೆಯೇ ನೋಡಲೇಬೇಕು, ದರ್ಜೆ ಬದಲಾದಾಗ ಬ್ರೇಕೂ ಬದಲಾಗಿರಬಹುದು. ನನಗೆ ಆ ಪರೀಕ್ಷೆಯನ್ನು ಸ್ಟೆಪ್ನಿಯೇ ಮಾಡಿಕೊಟ್ಟಿತ್ತು. ಕಾನೂನಿನ ಕಡೆಯಿಂದಲೂ ಇದು ನಿಶ್ಚಿಂತೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಾನು ಮಾಡಿದ್ದು ಕಂಪನಿಯ ಅಳತೆಗೆ ಮರಳಿದ್ದು ಅಷ್ಟೇ.

ಮಗನಿಗೆ ಇನ್ನೂ ಬೇಸರ ಹೋಗಿಲ್ಲ. "ಅಪ್ಪಾ, ಟ್ಯಾಕ್ಸಿಯ ಹಾಗೆ ಕಾಣುತ್ತದೆ" ಎನ್ನುತ್ತಾನೆ. ಕಾಣುತ್ತದೆ, ನಿಜ. ಮೂರು ಅಲಾಯ್‌ಗಳನ್ನು ಶಿವಮೊಗ್ಗದಲ್ಲಿ ಸಿಕ್ಕಷ್ಟಕ್ಕೆ ಕೊಟ್ಟೆ. ಬಾಗಿದ ನಾಲ್ಕನೆಯದನ್ನು ಯಾರೂ ಕೇಳಲಿಲ್ಲ. ಬಾವಿಕಟ್ಟೆಯ ಹಿಂದಿನ ಗೋಡೆಗೆ ಅದನ್ನು ಬೋಲ್ಟ್ ಹಾಕಿ ಕೂರಿಸಿ, ತೋಟಕ್ಕೆ ನೀರು ಬಿಡುವ ಪೈಪು ಸುತ್ತಿಡುತ್ತಿದ್ದೇನೆ. ಏಳು ಇಂಚು ಅಗಲವಿದೆ, ಮೂವತ್ತು ಮೀಟರ್ ಪೈಪು ಜಾರದೆ ಕೂರುತ್ತದೆ.