ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಮೊದಲು ಕ್ಯಾಪ್ಸ್ ಲಾಕ್ ಒತ್ತಿ

ಲ್ಯಾಪ್‌ಟಾಪ್ ಇದ್ದಕ್ಕಿದ್ದ ಹಾಗೆ ಹ್ಯಾಂಗ್ ಆದ ಕೂಡಲೇ ಪವರ್ ಬಟನ್‌ಗೆ ಕೈ ಹಾಕಬೇಡಿ. ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ಲೈಟ್ ನೋಡಿ. ಹತ್ತಿ ಆರಿದರೆ ಒಳಗೆ ಇನ್ನೂ ಜೀವ ಇದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಸ್ಕ್ರೀನ್ ಒಮ್ಮೆ ಮಿಣುಕಿ, ಸ್ಕ್ರೀನ್ ಮೇಲೆ ಚಿತ್ರ ಮೂಡಿಸಲು ನೆರವಾಗುವ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಲೈಟ್ ಬದಲಾಗದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ.

ಪದೇ ಪದೇ ಹೀಗಾಗುತ್ತಿದ್ದರೆ ವಿಂಡೋಸ್‌ನಲ್ಲೇ ಇರುವ, ಎರರ್‌ಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆಯಿರಿ. ಅಲ್ಲಿ ಕರ್ನಲ್-ಪವರ್ 41 ಅನ್ನೋ ಎಂಟ್ರಿ ಕಂಡು ಸುಮ್ನೆ ಗಾಬರಿ ಆಗಬೇಡಿ, ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಅದು ಹೇಳುವುದು. ಅದಕ್ಕೂ ಹಿಂದಿನ ಎರರ್ ನೋಡಿ. ಅಲ್ಲಿ ಡಿಸ್ಕ್ ಹೆಸರಿದ್ದರೆ ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಜಾಸ್ತಿ ಬಿಸಿಯಾದಾಗ ಮಾತ್ರ ನಿಲ್ಲುತ್ತದಾ? ಹಾಗಿದ್ದರೆ ಫ್ಯಾನ್‌ನ ಧೂಳು ತೆಗೆಸಿ, ಹಾಸಿಗೆ ಮೇಲಿಟ್ಟು ಬಳಸುವುದನ್ನು ಬಿಡಿ.