ತರಗೆಲೆಯನ್ನು ಸಸ್ಯೋದ್ಯಾನದೊಳಗೇ ಉಳಿಸಿಕೊಂಡ ಬಗೆ: ನನ್ನ ಅನುಭವ

ಮೈಸೂರಿನ ಒಂದು ಸಾರ್ವಜನಿಕ ಸಸ್ಯೋದ್ಯಾನದ ನಿರ್ವಹಣೆಯಲ್ಲಿ ನಾನು ತೊಡಗಿದ್ದೇನೆ. ಪರಿಸರಸ್ನೇಹಿ ಉದ್ಯಾನವೆಂದರೆ ಬಂದವರು ಮೊದಲು ವಿಚಾರಿಸುವುದು ಸೌರದೀಪ ಮತ್ತು ಹನಿ ನೀರಾವರಿಯನ್ನು. ಅವೆರಡೂ ನಮ್ಮಲ್ಲಿವೆ; ಹಣ ಮಂಜೂರಾದರೆ ಯಾರು ಬೇಕಾದರೂ ಹಾಕಿಸಬಹುದಾದ ಸಾಧನಗಳವು. ಅವುಗಳಿಗಿಂತ ಹೆಚ್ಚು ದುಡಿಮೆಯನ್ನೂ ತಾಳ್ಮೆಯನ್ನೂ ಕೇಳಿದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಟ್ಟದ್ದು, ಉದುರಿದ ಎಲೆ.

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಮ್ಮ ಕಡೆಯ ಮರಗಳು ಸರದಿಯ ಮೇಲೆ ಎಲೆ ಕಳಚುತ್ತವೆ. ಮಳೆಮರ, ಹೊಂಗೆ, ಬಸವನಪಾದ, ಗುಲ್‌ಮೊಹರ್ ಒಂದರ ಹಿಂದೊಂದು ನೆಲವನ್ನು ಮುಚ್ಚುತ್ತವೆ. ಅದನ್ನೆಲ್ಲ ಗುಡಿಸಿ ಮೂಲೆಗೆ ಒಟ್ಟಿ ಟ್ರ್ಯಾಕ್ಟರಿಗೆ ತುಂಬಿ ಹೊರಗೆ ಕಳಿಸುವುದು, ಕೆಲವೊಮ್ಮೆ ಕಣ್ತಪ್ಪಿಸಿ ಬೆಂಕಿ ಇಡುವುದು, ಮುಂಗಾರಿಗೆ ಮುಂಚೆ ಅದೇ ಟ್ರ್ಯಾಕ್ಟರಿನಲ್ಲಿ ಗೊಬ್ಬರವನ್ನು ದುಡ್ಡು ಕೊಟ್ಟು ತರಿಸುವುದು ಹಿಂದಿನಿಂದ ಬಂದ ಪದ್ಧತಿಯಾಗಿತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ತ್ಯಾಜ್ಯವನ್ನು ಹುಟ್ಟಿದ ಆವರಣದಲ್ಲೇ ಪ್ರತ್ಯೇಕವಾಗಿ ಇರಿಸಿಕೊಳ್ಳಬೇಕೆಂದು ಹೇಳಿದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ನಿಯಮ ನಮ್ಮ ಬೆನ್ನಿಗೆ ನಿಂತಿತು ನಿಜ, ಆದರೆ ರಾಶಿ ಬಿದ್ದ ಎಲೆಯನ್ನು ಏನು ಮಾಡಬೇಕೆಂಬುದನ್ನು ನಾವೇ ಕಂಡುಕೊಳ್ಳಬೇಕಾಗಿತ್ತು.

ಎಲೆಯನ್ನು ಜಾತಿವಾರು ಬೇರೆ ಮಾಡುವುದರಿಂದ ಕೆಲಸ ಆರಂಭಿಸಿದೆವು. ಮಳೆಮರ ಮತ್ತು ಹೊಂಗೆ ದ್ವಿದಳ ಜಾತಿಯವು; ಅವುಗಳ ಎಲೆಯಲ್ಲಿ ಸಾರಜನಕ ಹೆಚ್ಚು, ಬೇಗ ಕರಗುತ್ತದೆ. ಮಂಡ್ಯದ ಕಡೆಯ ರೈತರು ನಾಟಿಗೆ ಮುಂಚೆ ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಸುತ್ತಿದ್ದುದು ಇದೇ ಗುಣಕ್ಕಾಗಿ. ಮಾವು, ಆಲ, ಸಿಲ್ವರ್ ಓಕ್ ಎಲೆಗಳು ತೊಗಲಿನಂತೆ ಗಡುಸಾಗಿದ್ದು, ಯಂತ್ರದಲ್ಲಿ ನುರಿಸದಿದ್ದರೆ ವರ್ಷವಾದರೂ ಹಾಗೆಯೇ ಬಿದ್ದಿರುತ್ತವೆ. ಹೂಬಿಟ್ಟ ಪಾರ್ಥೇನಿಯಂ ಕಳೆ ಮಾತ್ರ ಗೊಬ್ಬರಕ್ಕಾಗಿ ಎಲೆ ಒಟ್ಟುವ ಗುಡ್ಡೆಯ ಹತ್ತಿರ ಸುಳಿಯಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದೇವೆ.

ಗುಡ್ಡೆ ನಾಲ್ಕು ಅಡಿಯಾದರೂ ಎತ್ತರ, ಅಷ್ಟೇ ಅಗಲ ಇರಬೇಕು. ಚಿಕ್ಕದಾದರೆ ಕಾವು ಹಿಡಿಯುವುದಿಲ್ಲ. ಒಣ ಎಲೆಯಲ್ಲಿ ಇಂಗಾಲವೇ ಹೆಚ್ಚಾಗಿರುವುದರಿಂದ ಪ್ರತಿ ಪದರಕ್ಕೂ ಸಗಣಿ ಬಗ್ಗಡ ಎರಚಿ, ಕತ್ತರಿಸಿದ ಹುಲ್ಲನ್ನು ಹರಡಿ, ಇಂಗಾಲ ಮತ್ತು ಸಾರಜನಕದ ಪ್ರಮಾಣ 30:1ರ ಆಸುಪಾಸಿಗೆ ಬರುವಂತೆ ನೋಡಿಕೊಳ್ಳುತ್ತೇವೆ. ಹದ ತಿಳಿಯಲು ಉಪಕರಣವೇನೂ ಬೇಕಿಲ್ಲ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಮಿನುಗಬೇಕು, ತೊಟ್ಟಿಕ್ಕಬಾರದು. ಒಳಗಿನ ಬಿಸಿ 55ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ನಿಂತರೆ ಕಳೆಬೀಜಗಳಲ್ಲಿ ಬಹುಪಾಲು ಸಾಯುತ್ತವೆ. ಬಿಸಿ ಇಳಿದಾಗ ಮಗುಚಬೇಕು. ಬೆಳಗಿನ ಚಳಿಯಲ್ಲಿ ಗುಡ್ಡೆ ಒಡೆದಾಗ ಹಬೆ ಏಳುತ್ತದೆ, ಒಳಗಿನ ಎಲೆಗಳಿಗೆ ಬೂದಿ ಬಣ್ಣದ ಬೂಷ್ಟು ಹಿಡಿದಿರುತ್ತದೆ. ಅಂಥ ಬೂಷ್ಟು ಕಂಡರೆ ಗಾಬರಿಯಾಗಬೇಕಿಲ್ಲ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಗಾಳಿ ಸಾಲದೆಂದು ತಿಳಿಯಬೇಕು.

ಸಸ್ಯೋದ್ಯಾನಕ್ಕೆ ವಿಶೇಷವಾಗಿ ಕಾಡುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ತೆಂಗಿನ ಸುಳಿ ಕೊರೆಯುವ ದುಂಬಿ ಮೊಟ್ಟೆ ಇಡುವುದು ಗೊಬ್ಬರದ ಗುಂಡಿ ಮತ್ತು ಕೊಳೆತ ಕಾಂಡಗಳಲ್ಲಿ. ತಾಳೆ ಜಾತಿಯ ಗಿಡಗಳನ್ನು ಸಂಗ್ರಹಿಸಿಟ್ಟಿರುವ ಉದ್ಯಾನವೊಂದು ತನ್ನದೇ ಗುಡ್ಡೆಯಲ್ಲಿ ಅದನ್ನು ಸಾಕಿಬಿಡುವ ಅಪಾಯವಿದೆ. ಆದ್ದರಿಂದ ಗುಡ್ಡೆಗಳನ್ನು ತಾಳೆ ವಿಭಾಗದಿಂದ ದೂರವಿಟ್ಟು, ಪ್ರತಿ ಸಲ ಮಗುಚುವಾಗಲೂ ಬಿಳಿಯ, ಕೊಕ್ಕೆಯಂತೆ ಬಾಗಿದ ಗೊಣ್ಣೆಹುಳುಗಳನ್ನು ಆರಿಸಿ ತೆಗೆಯುತ್ತೇವೆ; ಕಾವು ಇಳಿದ ಗುಡ್ಡೆಗಳಿಗೆ ಈ ಹುಳುಗಳನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಬೆರೆಸುತ್ತೇವೆ. ಆರಿಸಿದ ಹುಳುವಿಗಾಗಿ ಮೈನಾಗಳು ಕಾದು ಕುಳಿತಿರುತ್ತವೆ.

ಎಲ್ಲ ಎಲೆಯನ್ನೂ ಗೊಬ್ಬರ ಮಾಡುವ ಅಗತ್ಯವಿಲ್ಲ. ಬಹುಪಾಲನ್ನು ಮರದ ಪಾತಿಗಳಲ್ಲೇ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹೊದಿಸುತ್ತೇವೆ. ಗೆದ್ದಲು ಹತ್ತದಂತೆ ಮತ್ತು ಬುಡ ಕೊಳೆಯದಂತೆ ಕಾಂಡದಿಂದ ಒಂದು ಗೇಣು ಜಾಗ ಬಿಡುತ್ತೇವೆ. ಕಾವೇರಿಯ ನೀರನ್ನೇ ಊರು ಕುಡಿಯುತ್ತಿರುವಾಗ ಉದ್ಯಾನದ ನೀರಿನ ಲೆಕ್ಕವನ್ನು ಕಡೆಗಣಿಸುವಂತಿಲ್ಲ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದರೆ ಪ್ರತಿ ಚದರ ಮೀಟರಿಗೆ ಐದು ಲೀಟರ್, ಎಕರೆಗೆ ಸುಮಾರು ಇಪ್ಪತ್ತು ಸಾವಿರ ಲೀಟರ್ ಆಗುತ್ತದೆ. ಈ ಲೆಕ್ಕವನ್ನು ಮುಂದಿಟ್ಟ ಮೇಲೆಯೇ, ಜನ ಕೂರದ ಕಡೆಯ ಹುಲ್ಲುಹಾಸನ್ನು ತೆಗೆದು ಎಲೆಹೊದಿಕೆಯ ಮರದಡಿ ತಾಣವಾಗಿ ಮಾಡಲು ಒಪ್ಪಿಗೆ ಸಿಕ್ಕಿತು.

ಆಕ್ಷೇಪ ಬಂದದ್ದು ವಾಯುವಿಹಾರಿಗಳಿಂದ. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಊರಿನವರಿಗೆ ನೆಲದ ಮೇಲೆ ಎಲೆ ಬಿದ್ದಿರುವುದು ಸಹಜವಾಗಿಯೇ ಕಸವಾಗಿ ಕಾಣುತ್ತದೆ. ಹಾವಿನ ಭಯವೂ ಸುಳ್ಳಲ್ಲ. ಅದಕ್ಕಾಗಿ ದಾರಿಯ ಅಂಚಿನಲ್ಲಿ ನುರಿಸಿದ ಎಲೆಯನ್ನಷ್ಟೇ ತೆಳುವಾಗಿ ಹಾಕುತ್ತೇವೆ. "ಏನಮ್ಮಾ, ಗುಡಿಸೋದೇ ಬಿಟ್ಟುಬಿಟ್ರಾ?" ಎಂದು ಹಿರಿಯರೊಬ್ಬರು ಕೇಳಿದಾಗ, ನಮ್ಮ ಕೆಲಸದಾಕೆ ಕಾಲಲ್ಲಿ ಹೊದಿಕೆ ಸರಿಸಿ, "ಮೊನ್ನೆ ಬಿಟ್ಟ ನೀರು ಸಾರ್, ಕೈ ಇಟ್ಟು ನೋಡಿ, ಇನ್ನೂ ತಣ್ಣಗದೆ" ಎಂದಳು. ನಾನು ಬರೆಸಿ ನೆಟ್ಟ ಫಲಕಗಳು ಆ ಮಾತಿನಷ್ಟು ಕೆಲಸ ಮಾಡಿದ್ದನ್ನು ಕಾಣೆ.

ಮಾಗಿದ ಗೊಬ್ಬರವನ್ನು ಜಲ್ಲಡಿ ಹಿಡಿದು ಸಸಿಮಡಿಗೆ ಕಳಿಸುತ್ತೇವೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎಲೆಗೊಬ್ಬರದ ಮಿಶ್ರಣ ಬಹುತೇಕ ಸಸಿಗಳಿಗೆ ಸಾಕು. ಉಪ್ಪಿನಂಶ ಹೋಗುವವರೆಗೆ ತೊಳೆದು ತೊಳೆದು ಬಳಸಬೇಕಾದ ತೆಂಗಿನ ನಾರಿನ ಪುಡಿಯನ್ನು ಈಗ ಆರ್ಕಿಡ್ ಮೊದಲಾದ ಕೆಲವಕ್ಕಷ್ಟೇ ತರಿಸುತ್ತೇವೆ. ತಾಳೆ ಸೋಗೆ ಮತ್ತು ಬಿದಿರೆಲೆ ಮಾತ್ರ ಇಂದಿಗೂ ಗುಡ್ಡೆಗೆ ಸರಿಹೊಂದಿಲ್ಲ. ಸೋಗೆಯನ್ನು ಸಸಿಮಡಿಯ ನೆರಳಿಗೆ ಹೊದಿಸುತ್ತೇವೆ, ಬಿದಿರೆಲೆಯನ್ನು ಬಿದಿರು ಮೆಳೆಯ ಬುಡದಲ್ಲೇ ಬಿಟ್ಟಿದ್ದೇವೆ.